ಹೊಳೆ ದಂಡೆಯಲ್ಲಿ ಚಾಪೆ ಹಾಸುವ ಮುನ್ನ

ಜುಲೈ ತಿಂಗಳಲ್ಲಿ ಅಲಾಸ್ಕಾದ ಕೀನಾಯ್ ನದಿಯ ಹತ್ತಿರ ಟೆಂಟ್ ಹಾಕಲು ಜಾಗ ಬೇಕಿದ್ದರೆ ಚಳಿಗಾಲದಲ್ಲೇ ಬುಕ್ ಮಾಡಬೇಕು. ಅಲ್ಲಿನ ಚುಗಾಚ್ ರಾಷ್ಟ್ರೀಯ ಅರಣ್ಯದ ಕ್ಯಾಂಪ್‌ಗ್ರೌಂಡ್‌ಗಳ ಜಾಗಗಳು, ಅದರಲ್ಲೂ ಸಾಕ್‌ಐ ಸಾಲ್ಮನ್ ಮೀನು ನದಿ ಹತ್ತುವ ವಾರಗಳದ್ದು, ತಿಂಗಳುಗಟ್ಟಲೆ ಮೊದಲೇ ಆನ್‌ಲೈನಿನಲ್ಲಿ ಹೋಗಿಬಿಟ್ಟಿರುತ್ತವೆ. ಆ್ಯಂಕರೇಜ್‌ನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗಳಿಗೆ ರಜೆ ಖಾತ್ರಿಯಾದದ್ದು ನಾನು ಅಲ್ಲಿಗೆ ಹೋಗಿ ಇಳಿದ ಮೇಲೆ. "ಅತ್ತೆ, ಜಾಗ ಸಿಕ್ಕರೆ ಮೀನು, ಸಿಗದಿದ್ರೆ ಬರೀ ಗುಡ್ಡ ನೋಡ್ಕಂಡು ವಾಪಸ್. ಆಗಬಹುದಾ?" ಅಂದಳು. ಆಗಬಹುದು ಅಂದೆ. ಸಕಲೇಶಪುರದ ಕಡೆ, ಮಳೆಗಾಲದಲ್ಲಿ ಹೇಮಾವತಿಯ ಸದ್ದು ಅಡುಗೆಮನೆಗೆ ಕೇಳುವಂಥ ಮನೆಯಲ್ಲಿ ಬೆಳೆದವಳು ನಾನು. ಹೊಳೆ ಪಕ್ಕ ರಾತ್ರಿ ಎಲ್ಲಿ ಕಳೆಯುವುದು ಎಂಬ ಪ್ರಶ್ನೆ ನನ್ನ ಅಪ್ಪನಿಗೆ ಮೀನಿಗಿಂತ ದೊಡ್ಡದಾಗಿತ್ತು. ನನಗೂ ಅದು ಹಾಗೇ ಉಳಿದಿದೆ.

ಆ್ಯಂಕರೇಜ್‌ನಿಂದ ಕೂಪರ್ ಲ್ಯಾಂಡಿಂಗ್ ಎಂಬ ಊರಿಗೆ ಸುಮಾರು 160 ಕಿಲೋಮೀಟರ್. ಒಂದು ಕಡೆ ಕಡಲ ತೋಳು, ಇನ್ನೊಂದು ಕಡೆ ಜುಲೈನಲ್ಲೂ ತಲೆ ಮೇಲೆ ಹಿಮ ಇಟ್ಟುಕೊಂಡ ಬೆಟ್ಟ. ಅಲ್ಲಿಂದ ರಸ್ತೆ ಒಳನಾಡಿಗೆ ತಿರುಗಿ, ಕೀನಾಯ್ ಸರೋವರದ ಅಂಚು ಹಿಡಿದು ನದಿ ಹುಟ್ಟುವಲ್ಲಿಗೆ ಬರುತ್ತದೆ. ನೀರಿನ ಬಣ್ಣ ಹಾಲು ಬೆರೆಸಿದ ಹಸಿರುನೀಲಿ. ಹಿಮನದಿಗಳು ಅರೆದ ಕಲ್ಲಿನ ಪುಡಿ ನೀರಿನಲ್ಲಿ ತೇಲುವುದರಿಂದ ಆ ಬಣ್ಣ. ಸ್ವಲ್ಪ ಕೆಳಗೆ ರಷ್ಯನ್ ರಿವರ್ ಎಂಬ ತಿಳಿನೀರಿನ ಚಿಕ್ಕ ಹೊಳೆ ಇದಕ್ಕೆ ಸೇರುತ್ತದೆ. ಸಾಲ್ಮನ್‌ಗಳು ಕಡಲಿನಿಂದ ಕೀನಾಯ್ ಹತ್ತಿ ಬಂದು, ಈ ಸಂಗಮದಲ್ಲಿ ಗುಂಪುಗಟ್ಟಿ, ಆಮೇಲೆ ಚಿಕ್ಕ ಹೊಳೆಗೆ ತಿರುಗುತ್ತವೆ. ಮೀನು ನಿಲ್ಲುವ ಕಡೆ ಜನ ನಿಲ್ಲುತ್ತಾರೆ, ಜನ ನಿಲ್ಲುವ ಕಡೆ ಕರಡಿಯೂ ಬರುತ್ತದೆ. ಸಂಗಮದ ಆಚೆ ದಡಕ್ಕೆ ಜನರನ್ನು ದಾಟಿಸಲು ಒಂದು ದೋಣಿ ಇದೆ. ಅದನ್ನು ಕೇಬಲ್‌ಗೆ ಕಟ್ಟಿದ್ದಾರೆ, ನದಿಯ ಸೆಳೆತವೇ ಅದನ್ನು ಆಚೆಗೆ ಒಯ್ಯುತ್ತದೆ. ನಮ್ಮ ಕಡೆಯ ಹಳೆಯ ತೆಪ್ಪದವರು ನೋಡಿದ್ದರೆ ಮೆಚ್ಚುತ್ತಿದ್ದರು.

ಕ್ಯಾಂಪ್‌ಗ್ರೌಂಡ್ ಬಾಗಿಲಲ್ಲಿ 'ಭರ್ತಿ' ಎಂಬ ಬೋರ್ಡು ತೂಗುತ್ತಿತ್ತು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವ ಜಾಗಗಳಿದ್ದವು, ಅಲ್ಲಿ ರಾತ್ರಿ ತಂಗಬಾರದೆಂದು ಬರೆದಿತ್ತು. ಊರಿನ ಖಾಸಗಿ ಜಾಗಗಳಲ್ಲಿ ವಿಚಾರಿಸಿದೆವು, ಅವೂ ತುಂಬಿದ್ದವು. ರಾತ್ರಿ ಎಂಟಾದರೂ ಬಿಸಿಲು ಹಾಗೇ ಇತ್ತು. ಆ ಕಾಲದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹನ್ನೊಂದರ ಹೊತ್ತಿಗೆ. ಕತ್ತಲಾಗುವ ಮುಂಚೆ ಜಾಗ ಸಿಗಬೇಕೆಂಬ ಅವಸರ ನಮಗೆ ಇರಲಿಲ್ಲ. ಮಲೆನಾಡಿನ ಹೊಳೆಯಲ್ಲಿ ಈ ಸೌಕರ್ಯ ಇಲ್ಲ. ಇಲ್ಲಿ ಆರೂವರೆ ದಾಟಿದರೆ ಕಾಲಡಿಯ ಕಲ್ಲೂ ಕಾಣುವುದಿಲ್ಲ.

ನದಿಯ ನಡುವೆ ಒಂದು ಬೆಣಚುಕಲ್ಲಿನ ದಿಣ್ಣೆ ಎದ್ದಿತ್ತು. ಒಣಗಿತ್ತು, ಚಪ್ಪಟೆಯಾಗಿತ್ತು, ಯಾರೂ ಇರಲಿಲ್ಲ. ತಮ್ಮನ ಮಗಳ ಗಂಡ ಅದನ್ನೇ ತೋರಿಸಿದ. ಅಲಾಸ್ಕಾದಲ್ಲಿ ದೋಣಿ ಓಡುವಂಥ ನದಿಗಳ ತಳ, ಸಾಮಾನ್ಯವಾಗಿ ನೀರು ಏರಿ ನಿಲ್ಲುವ ಗೆರೆಯ ತನಕ, ರಾಜ್ಯದ ಸ್ವತ್ತು. ಅನೇಕ ನದಿಗಳಲ್ಲಿ ಅಂಥ ಮರಳುದಿಣ್ಣೆಗಳ ಮೇಲೆ ಜನ ಟೆಂಟ್ ಹಾಕುತ್ತಾರೆ. ಆದರೆ ಕೀನಾಯ್‌ಗೆ 1984ರಿಂದ ವಿಶೇಷ ನಿರ್ವಹಣಾ ಪ್ರದೇಶವೆಂಬ ಸ್ಥಾನ ಇದೆ, ಅದರ ನಿಯಮಗಳು ಬೇರೆ. ಕಾನೂನಿನ ಮಾತು ಹಾಗಿರಲಿ, ನನಗೆ ಆ ದಿಣ್ಣೆ ಮೊದಲ ನೋಟಕ್ಕೇ ಬೇಡವೆನಿಸಿತು. ಅದರ ಮೇಲೆ ಒಂದು ಹುಲ್ಲುಗರಿ ಇರಲಿಲ್ಲ. ಎರಡು ವರ್ಷ ನೀರು ಬರದ ಜಾಗದಲ್ಲಿ ಏನಾದರೂ ಹುಟ್ಟಿರುತ್ತದೆ. ಏನೂ ಹುಟ್ಟಿಲ್ಲವೆಂದರೆ ನೀರು ಪದೇ ಪದೇ ಬಂದು ಗುಡಿಸಿಕೊಂಡು ಹೋಗುತ್ತಿದೆ ಎಂದರ್ಥ. ಇದನ್ನು ನನಗೆ ಕಲಿಸಿದ್ದು ಹೇಮಾವತಿ.

ಮಳೆ ಬರದೆಯೂ ನೀರು ಬರುತ್ತದೆ ಎಂಬುದನ್ನು ಹೊಳೆ ಪಕ್ಕದವರು ಚಿಕ್ಕಂದಿನಲ್ಲೇ ತಿಳಿದಿರುತ್ತಾರೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಬಲ್ಲಾಳರಾಯನ ದುರ್ಗದ ಸೀಮೆ. ಘಟ್ಟದ ಅಂಚಿನಲ್ಲಿ ರಾತ್ರಿಯಿಡೀ ಹೊಯ್ದ ಮಳೆ ನಮ್ಮಲ್ಲಿಗೆ ಬರುವ ಹೊತ್ತಿಗೆ ಇಲ್ಲಿ ಹೂಬಿಸಿಲು ಬಿದ್ದಿರಬಹುದು. ಬಟ್ಟೆ ಒಗೆಯುತ್ತಿದ್ದ ಕಲ್ಲು ಸೋಪಿನ ಸಮೇತ ಮುಳುಗಿದ್ದನ್ನು ನಾನೇ ನೋಡಿದ್ದೇನೆ. ಗೊರೂರಿನ ಅಣೆಕಟ್ಟಿನ ಕೆಳಗಿನವರಿಗೆ ಗೇಟು ತೆರೆಯುವ ಭಯ ಬೇರೆ. ಕೀನಾಯ್‌ನಲ್ಲಿ ಇದಕ್ಕಿಂತ ವಿಚಿತ್ರವಾದ ನೀರು ಬರುತ್ತದೆ. ಮೇಲೆ ಬೆಟ್ಟದಲ್ಲಿ ಒಂದು ಹಿಮನದಿ ಕಣಿವೆಗೆ ಅಡ್ಡ ನಿಂತು ಸರೋವರ ಕಟ್ಟಿದೆ. ಎರಡು ಮೂರು ವರ್ಷಕ್ಕೊಮ್ಮೆ ಆ ನೀರು ಹಿಮದ ಅಡಿಯಲ್ಲಿ ದಾರಿ ಕೊರೆದುಕೊಂಡು ಸ್ನೋ ರಿವರ್ ಎಂಬ ಹೊಳೆಗೆ ನುಗ್ಗಿ, ಕೀನಾಯ್ ಸರೋವರವನ್ನು ಏರಿಸಿ, ನದಿಯ ಕೆಳಭಾಗವನ್ನು ತುಂಬಿಸುತ್ತದೆ. ಆಕಾಶದಲ್ಲಿ ಮೋಡ ಇರಬೇಕೆಂದೇನೂ ಇಲ್ಲ. ಹೆಚ್ಚಾಗಿ ಬೇಸಿಗೆಯ ಕೊನೆಗೋ ಶರತ್ಕಾಲಕ್ಕೋ ಆಗುವಂಥದ್ದು. ಆದರೂ ಬೆಣಚುಕಲ್ಲಿನ ದಿಣ್ಣೆ ಯಾಕೆ ಬೋಳಾಗಿದೆ ಎಂಬುದು ನನಗೆ ಅಲ್ಲಿಗೆ ಸ್ಪಷ್ಟವಾಯಿತು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಮೃಗಶಿರಾ ಮಳೆ ಹಿಡಿದು ಹಳ್ಳ ಕೆಂಪಗೆ ಹರಿಯಲು ಶುರುವಾದರೆ ಮಲೆನಾಡಿನಲ್ಲಿ ಹತ್ತುಮೀನಿನ ಕಾಲ. ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ, ಹಳ್ಳದಿಂದ ತೋಡು ಹತ್ತಿ, ಗದ್ದೆಯ ತೆಳು ನೀರಿಗೆ ಬರುತ್ತದೆ. ರಾತ್ರಿ ಹೊತ್ತು ಗದ್ದೆಬದುವಿನ ಮೇಲಿಂದ ಬೀಳುವ ನೀರಿಗೆ ಎದುರಾಗಿ ಮುಗುಡು, ಗೊಜಲೆ ಹಾರುವುದನ್ನು ಕಂಡವರಿಗೆ ಸಾಲ್ಮನ್ ಜಲಪಾತ ಹಾರುವ ಚಿತ್ರ ತೀರಾ ಪರಕೀಯ ಅನ್ನಿಸುವುದಿಲ್ಲ. ಅಪ್ಪ, ಚಿಕ್ಕಪ್ಪ, ತೋಟದ ಕೆಲಸದ ಒಂದಿಬ್ಬರು ಟಾರ್ಚು, ಕತ್ತಿ, ಮೀನು ಹಿಡಿಯಲು ನೀರಿಗೆ ಇಡುವ ಬಿದಿರಿನ ಕೂಣಿ ಹಿಡಿದು ಹೊರಡುತ್ತಿದ್ದರು. ಹಠ ಮಾಡಿ ನಾನೂ ಹೋಗುತ್ತಿದ್ದೆ. ಕೂಣಿ ಇಟ್ಟ ಮೇಲೆ ಬೆಳಗಿನ ತನಕ ಕಾಯಬೇಕು. ಮನೆಗೆ ಹೋಗಿ ಬರುವಷ್ಟು ಹತ್ತಿರವಲ್ಲ, ಮಳೆ ಬಿಡುವುದಿಲ್ಲ. ಎಲ್ಲಿ ಕೂರುವುದು, ಎಲ್ಲಿ ಒಂದು ಗಳಿಗೆ ಕಣ್ಣು ಮುಚ್ಚುವುದು?

ಅಪ್ಪ ಸಂಜೆ ಬೆಳಕಿರುವಾಗಲೇ ಒಬ್ಬನೇ ಒಂದು ಸುತ್ತು ಬರುತ್ತಿದ್ದ. ದಂಡೆಯ ಪೊದೆಗಳಲ್ಲಿ ಹೋದ ವರ್ಷದ ಕಸಕಡ್ಡಿ ಯಾವ ಎತ್ತರಕ್ಕೆ ಸಿಕ್ಕಿಕೊಂಡಿದೆ ನೋಡುತ್ತಿದ್ದ; "ನೀರು ಎಲ್ಲೀತಂಕ ಬಂದಿತ್ತು ಅಂತ ಗಿಡಾನ ಕೇಳು ಪುಟ್ಟಿ, ನನ್ನನ್ನ ಕೇಳಬೇಡ" ಅನ್ನುತ್ತಿದ್ದ. ತಲೆ ಎತ್ತಿ ಒಣಕೊಂಬೆ ಇದೆಯೇ ಎಂದು ನೋಡುತ್ತಿದ್ದ. ಮಳೆ ನೀರು ಕುಡಿದು ಭಾರವಾದ ಒಣಕೊಂಬೆ ಗಾಳಿ ಇಲ್ಲದೆಯೂ ಬೀಳುತ್ತದೆ. ಹಿಂದಿನ ಗುಡ್ಡದಲ್ಲಿ ಹೊಸದಾಗಿ ಮಣ್ಣು ಜರಿದ ಗುರುತಿದ್ದರೆ ಅಲ್ಲಿಂದ ದೂರ. ಈ ಕೊನೆಯದನ್ನು ಆಗ ನಾವು ಅಷ್ಟು ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಊರುಗಳ ಮೇಲೆ ಗುಡ್ಡ ಇಳಿದು ಬಂದ ಮೇಲೆ ಇಡೀ ಮಲೆನಾಡು ತನ್ನ ಬೆನ್ನ ಹಿಂದಿನ ಇಳಿಜಾರನ್ನು ಬೇರೆ ಕಣ್ಣಿನಿಂದ ನೋಡುತ್ತಿದೆ.

ಆಮೇಲೆ ಆನೆ. ಬೈನೆ ಮರದ ಸಿಪ್ಪೆ ಕಿತ್ತಿದೆಯೇ, ಮರದ ಬುಡಕ್ಕೆ ಮೈ ಉಜ್ಜಿದ ಕೆಸರು ಯಾವ ಎತ್ತರಕ್ಕಿದೆ, ಹೊಳೆಗೆ ಇಳಿಯುವ ಕಡೆ ದಂಡೆ ಸವೆದು ನುಣ್ಣಗಾಗಿದೆಯೇ. ಹತ್ತುಮೀನಿನ ಕಾಲವೇ ಹಲಸಿನ ಹಣ್ಣಿನ ಕಾಲ ಕೂಡ. ಹಲಸಿನ ಮರದ ಹತ್ತಿರ ರಾತ್ರಿ ಕೂರಲು ಅಪ್ಪ ಬಿಡುತ್ತಿರಲಿಲ್ಲ, ಎಷ್ಟೇ ಒಳ್ಳೆಯ ಆಸರೆಯಾಗಿದ್ದರೂ. ಕೊಳೆತ ಹಲಸಿನ ವಾಸನೆ ಆನೆಗೆ ಬಹಳ ದೂರದಿಂದ ತಿಳಿಯುತ್ತದೆ. ಮತ್ತೆ, ಹಳ್ಳ ಗದ್ದೆಗೆ ಸೇರುವ ಬಾಯಿಯಲ್ಲಿ ಯಾರೂ ಓಡಾಡಬಾರದು, ಬೆಳಕು ಬಿಡಬಾರದು. ಅಲ್ಲಿ ಕಾಲು ಇಟ್ಟರೆ ಹತ್ತುತ್ತಿದ್ದ ಮೀನು ತಿರುಗಿ ಹೊಳೆಗೆ ಹೋಗಿಬಿಡುತ್ತದೆ. ಹೀಗೆ ಸುತ್ತು ಹಾಕಿ ಅಪ್ಪ ನೋಡುತ್ತಿದ್ದುದು ಒಂದನ್ನೇ: ನಾವು ಮಲಗಿದ ಮೇಲೆ ಈ ಜಾಗದಲ್ಲಿ ಯಾರು ಯಾರು ಓಡಾಡುತ್ತಾರೆ? ನೀರು, ಮಣ್ಣು, ಆನೆ, ಮೀನು. ಇವರೆಲ್ಲರ ದಾರಿ ಬಿಟ್ಟು ಉಳಿದದ್ದು ನಮ್ಮ ಜಾಗ. ಎಷ್ಟೋ ಸಲ ಉಳಿಯುತ್ತಿದ್ದುದು ಮೊಣಕಾಲು ಮಡಿಸಿ ಕೂರುವಷ್ಟು ನೆಲ, ರಕ್ತ ಹೀರುವ ಇಂಬಳದ ಕಾಟ ಬೇರೆ.

ಕೂಪರ್ ಲ್ಯಾಂಡಿಂಗ್‌ನಲ್ಲಿ ನಮಗೆ ಕಡೆಗೆ ಜಾಗ ಸಿಕ್ಕಿದ್ದು ಸರೋವರದ ದಂಡೆಯ ಕ್ವಾರ್ಟ್ಜ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ. ಯಾವುದೋ ಸಂಸಾರ ಮಗುವಿಗೆ ಜ್ವರವೆಂದು ಒಂದು ದಿನ ಮೊದಲೇ ಹೊರಟಿತ್ತು. ಅಲ್ಲಿನ ಉಸ್ತುವಾರಿ ನೋಡುವ ವಯಸ್ಸಾದ ಹೆಂಗಸು ನಮ್ಮ ಮುಖ ನೋಡಿ ಕರೆದಳು. ಟೆಂಟ್ ಹಾಕುವ ಮುಂಚೆ ಅವಳು ಹೇಳಿದ ಮಾತುಗಳನ್ನು ಕೇಳುತ್ತಾ ನನಗೆ ಮೈ ಜುಮ್ಮೆಂದಿತು, ಅಷ್ಟು ಪರಿಚಿತವಾಗಿದ್ದವು. ತಿನ್ನುವುದು, ಮೀನು, ಸೋಪು, ಟೂತ್‌ಪೇಸ್ಟು ಯಾವುದೂ ಟೆಂಟಿನೊಳಗೆ ಇರಕೂಡದು. ಕರಡಿಗೆ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯಲ್ಲೋ ಬಾಗಿಲು ಹಾಕಿದ ಕಾರಿನಲ್ಲೋ ಇಡಬೇಕು. ಮೀನು ಹುರಿಯುವಾಗ ತೊಟ್ಟಿದ್ದ ಬಟ್ಟೆಯಲ್ಲಿ ಮಲಗಬಾರದು. ಹೊಳೆಯಲ್ಲಿ ಮೀನು ಕೊಯ್ದರೆ ಉಳಿದ ಮುಳ್ಳು, ತಲೆಗಳನ್ನು ದಡದಲ್ಲಿ ಬಿಡದೆ ಚಿಕ್ಕ ತುಂಡು ಮಾಡಿ ಸೆಳವಿರುವ ನೀರಿಗೆ ಎಸೆಯಬೇಕು. ಒಂದು ಕರಡಿ ಒಮ್ಮೆ ಮನುಷ್ಯರ ಊಟದ ರುಚಿ ಕಂಡರೆ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆ. "ನಿಮ್ಮ ತಪ್ಪಿಗೆ ಅದು ಸಾಯಬಾರದು" ಎಂದಳು. ಇದೇ ಮಾತನ್ನು ನಮ್ಮ ತೋಟದ ಕೆಲಸ, ಲೆಕ್ಕ ನೋಡುವ ರೈಟರ್ ಆನೆಯ ಬಗ್ಗೆ, ಅಕ್ಕಿ, ಉಪ್ಪು ಶೆಡ್ಡಿನಲ್ಲಿ ಇಡಬೇಡಿ ಎಂದು ಕೆಲಸದವರಿಗೆ ಹೇಳುವುದನ್ನು ಕೇಳಿದ್ದೇನೆ.

ಮರುದಿನ ಹೊಳೆಗೆ ಹೋದೆವು. ಮೀನಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸಾಕ್‌ಐ ಮರಿ ಹೊಳೆಯಲ್ಲೋ ಸರೋವರದಂಚಿನಲ್ಲೋ ಹುಟ್ಟಿ, ಒಂದೆರಡು ವರ್ಷ ಸರೋವರದಲ್ಲಿ ಬೆಳೆದು, ಕಡಲಿಗೆ ಇಳಿದು, ಎರಡು ಮೂರು ವರ್ಷದ ಮೇಲೆ ಹುಟ್ಟಿದ ನೀರಿನ ವಾಸನೆ ಹಿಡಿದು ಅದೇ ಹೊಳೆಗೆ ಬರುತ್ತದೆ. ಸಿಹಿನೀರಿಗೆ ಬಂದ ಮೇಲೆ ಆಹಾರ ಬಿಡುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ. ಮೇಲೆ ಹೋಗುತ್ತಾ ಮೈ ಕೆಂಪಾಗಿ ತಲೆ ಹಸಿರಾಗುತ್ತದೆ, ಮೊಟ್ಟೆ ಇಟ್ಟು ಸಾಯುತ್ತದೆ. ಕರಡಿಗಳು ಅದನ್ನು ಕಾಡಿನೊಳಗೆ ಎಳೆದೊಯ್ದು ತಿಂದು ಬಿಟ್ಟದ್ದು ಮಣ್ಣಿಗೆ ಸೇರುತ್ತದೆ. ಹೊಳೆ ಪಕ್ಕದ ಮರಗಳಲ್ಲಿ ಕಡಲಿನಿಂದ ಬಂದ ಸಾರಜನಕ ಇರುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ನಾವು ಟೆಂಟ್ ಕಟ್ಟಿದ ಸ್ಪ್ರೂಸ್ ಮರದಲ್ಲೂ ಅದು ಇದ್ದೀತು. ತಮ್ಮನ ಮಗಳು ಎರಡು ಮೀನು ಹಿಡಿದಳು. ಬಾಯಿಗೆ ಗಾಳ ಸಿಕ್ಕಿದ್ದನ್ನು ಮಾತ್ರ ಇಟ್ಟುಕೊಳ್ಳಬಹುದು, ಬೆನ್ನಿಗೋ ಹೊಟ್ಟೆಗೋ ಸಿಕ್ಕಿದರೆ ತಕ್ಷಣ ಬಿಡಬೇಕು. ಒಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ ಮೂರು. ಮೇಲೆ ಹೊಳೆಗೆ ಅಡ್ಡ ಕಟ್ಟಿದ ಬೇಲಿಯಲ್ಲಿ ಹತ್ತುವ ಮೀನನ್ನು ಎಣಿಸುತ್ತಾರೆ, ಎಣಿಕೆ ಸಾಲದಿದ್ದರೆ ಮೀನುಗಾರಿಕೆ ನಿಲ್ಲಿಸುತ್ತಾರೆ. ಅದೇ ಕೀನಾಯ್‌ನಲ್ಲಿ 1985ರಲ್ಲಿ 97 ಪೌಂಡ್ ತೂಕದ ಕಿಂಗ್ ಸಾಲ್ಮನ್ ಸಿಕ್ಕಿತ್ತು, ಗಾಳದಲ್ಲಿ ಹಿಡಿದದ್ದರಲ್ಲಿ ದಾಖಲೆ ಅದು. ಇತ್ತೀಚಿನ ವರ್ಷಗಳಲ್ಲಿ ಆ ಜಾತಿ ಎಷ್ಟು ಕಡಿಮೆಯಾಗಿದೆಯೆಂದರೆ ಕಿಂಗ್ ಹಿಡಿಯುವುದನ್ನೇ ಅಲ್ಲಿ ನಿಲ್ಲಿಸಿದ್ದಾರೆ.

ನನ್ನ ಮನಸ್ಸಿನಲ್ಲಿ ಮೀನಿಗಿಂತ ಹೆಚ್ಚು ಉಳಿದದ್ದು ದಡ. ಜನ ನೀರಿಗೆ ಇಳಿಯುವ ಕಡೆಯೆಲ್ಲ ಮೆಟ್ಟಿಲು, ಕಬ್ಬಿಣದ ಜಾಲರಿಯ ಕಾಲುದಾರಿ. ಉಳಿದ ದಡಕ್ಕೆ ಬೇಲಿ. ಜಾಲರಿ ಯಾಕೆಂದರೆ ಅಡಿಯ ಹುಲ್ಲಿಗೆ ಬಿಸಿಲು ಬೀಳಲಿ ಎಂದು. ದಡದ ಹುಲ್ಲು, ಪೊದೆ ನೀರಿನ ಮೇಲೆ ಬಾಗಿದ ನೆರಳಿನಲ್ಲೇ ಕಿಂಗ್ ಸಾಲ್ಮನ್ ಮರಿಗಳು ಬೆಳೆಯುವುದು. ವರ್ಷಾನುವರ್ಷ ಸಾವಿರಾರು ಬೂಟುಗಳು ತುಳಿದು ದಡ ಕುಸಿದ ಮೇಲೆ ಅವರು ಇದನ್ನು ಮಾಡಿದರು. ಆ ಸಂಗಮ ದೆನಾಯಿನಾ ಮೂಲನಿವಾಸಿಗಳ ಬಹಳ ಹಳೆಯ ಮೀನು ಹಿಡಿಯುವ ತಾಣ. ಅವರ ಹಿರಿಯರ ಮನೆಗಳ ಕುಳಿಗಳ ಗುರುತು ಇನ್ನೂ ನೆಲದಲ್ಲಿವೆ, ಅವರದೇ ಸಮುದಾಯದವರು ಬಂದವರಿಗೆ ಅದನ್ನು ತೋರಿಸಿ ವಿವರಿಸುತ್ತಾರೆ. ಆ ಕುಳಿಗಳು ನೀರಿನಂಚಿನಿಂದ ಮೇಲೆ, ಎತ್ತರದ ನೆಲದಲ್ಲಿವೆ. ಅಪ್ಪನೂ ಅಲ್ಲೇ ಹೋಗಿ ಕೂರುತ್ತಿದ್ದ.

ಊರಿಗೆ ಬಂದ ಮೇಲೆ ನನಗೆ ಹೇಮಾವತಿಯ ದಂಡೆ ನೋಡಲು ಕಷ್ಟವಾಗುತ್ತಿದೆ, ಇದನ್ನು ಮುಚ್ಚಿಡಲಾರೆ. ವಾರದ ಕೊನೆಗೆ ಬೆಂಗಳೂರಿನಿಂದ ಬರುವ ಹುಡುಗರು, ಹುಡುಗಿಯರು ಹೊಳೆ ಪಕ್ಕ ಮಲಗಬೇಕೆಂದು ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ಆ ಆಸೆ ನನಗೂ ಇದೆ, ಅದು ಒಳ್ಳೆಯ ಆಸೆ. ಆದರೆ ಅವರಿಗೆ ಜಾಗ ತೋರಿಸುವವರು ನೋಡುವುದು ಫೋಟೋಗೆ ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂದು. ಅದು ಯಾವಾಗಲೂ ನೀರಿನಂಚು. ಮರಳು ಹರಡಿದ ತಿರುವು, ಹಳ್ಳ ಸೇರುವ ಬಾಯಿ, ಆನೆ ಇಳಿಯುವ ನುಣುಪು ದಾರಿ. ಸಾಲಾಗಿ ಟೆಂಟ್, ಮಧ್ಯೆ ಬೆಂಕಿ, ಸ್ಪೀಕರ್, ಸುಟ್ಟ ಕೋಳಿಯ ಮೂಳೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಆನೆ ಹಗಲು ಕಾಫಿ ತೋಟದಲ್ಲಿ ನಿಂತು ರಾತ್ರಿ ನಡೆಯುತ್ತದೆ. ಎಷ್ಟು ಜನ ಸತ್ತಿದ್ದಾರೆ ಎಂಬುದು ಇಲ್ಲಿನ ಪ್ರತಿ ಊರಿಗೂ ಗೊತ್ತು. 2022ರಲ್ಲಿ ಸರ್ಕಾರ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲೂ ಆನೆ ಕಾರ್ಯಪಡೆ ಮಾಡಿತು, ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಆನೆ ಎಲ್ಲಿದೆ ಎಂದು ನಮ್ಮ ಮೊಬೈಲಿಗೆ ಸಂದೇಶ ಬರುತ್ತದೆ. ಆ ಸಂದೇಶ ನೋಡಿ ನಾವು ಮಕ್ಕಳನ್ನು ಶಾಲೆಗೆ ಕಳಿಸುವ ದಾರಿ ಬದಲಾಯಿಸುತ್ತೇವೆ. ಒಂದು ರಾತ್ರಿಗೆ ಬಂದ ಹುಡುಗನಿಗೆ ಅದು ಬರುವುದಿಲ್ಲ. ಅವನಿಗೆ ಹೇಳಬೇಕಾದವರು ಹೇಳಬೇಕಲ್ಲವೇ?

ಮೀನಿಗೂ ನಾವು ಒಂದಿಷ್ಟು ನೀರು ಬಿಟ್ಟುಕೊಟ್ಟ ಜನ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಹತ್ತಿರ ಮಂಡಕ್ಕಿಗೆ ಮುತ್ತುವ ದೇವರ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನಿಗೂ ಅದೇ ರಕ್ಷಣೆ. ಕಾವೇರಿ ಸೀಮೆಯಲ್ಲಷ್ಟೇ ಇರುವ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ದೇವಸ್ಥಾನದ ಮುಂದೆ ಇರುವ ಭಯಭಕ್ತಿ ಹೊಳೆಯ ಉಳಿದ ಭಾಗದಲ್ಲೂ ಸ್ವಲ್ಪ ಇದ್ದಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ. ಹತ್ತುಮೀನನ್ನೂ ಈಗ ನಾವು ಹಿಡಿಯುವುದಿಲ್ಲ. ಮೊಟ್ಟೆ ತುಂಬಿದ ಮೀನು ಅದು. ಅಪ್ಪನ ಕಾಲದಲ್ಲಿ ಗದ್ದೆಗಳಿದ್ದವು, ಹತ್ತುವ ಮೀನೂ ಹೆಚ್ಚಿತ್ತು. ಈಗ ಅರ್ಧ ಗದ್ದೆ ಪಾಳು, ಇನ್ನರ್ಧ ತೋಟವಾಗಿದೆ. ನಮ್ಮ ಮನೆಯ ಎರಡು ಕೂಣಿ ಅಟ್ಟದ ಮೇಲಿವೆ.

ಹೊಳೆ ದಂಡೆಯ ಊರುಗಳ ಪಂಚಾಯಿತಿಗಳು, ಅರಣ್ಯ ಇಲಾಖೆ, ಜಮೀನಿನವರು ಒಟ್ಟಿಗೆ ಕೂತು ರಾತ್ರಿ ತಂಗುವ ಜಾಗಗಳನ್ನು ಗುರುತು ಮಾಡಬೇಕೆಂಬುದು ನನ್ನ ಆಸೆ. ಕೆಲವೇ ಜಾಗ ಸಾಕು. ಎತ್ತರದ ನೆಲ, ಒಂದು ಶೌಚಾಲಯ, ಗಟ್ಟಿ ಬಾಗಿಲಿನ ಒಂದು ಉಗ್ರಾಣ, ಇಷ್ಟೇ ಟೆಂಟ್ ಎಂಬ ಮಿತಿ, ಸಂಜೆ ಬಂದು ಆನೆ ಎಲ್ಲಿದೆ ಎಂದು ಹೇಳುವ ಊರಿನ ಒಬ್ಬ ಮನುಷ್ಯ, ಅವನಿಗೆ ಸಂಬಳ. ದುಡ್ಡು ಕೊಡಲು ಬರುವವರು ತಯಾರಿದ್ದಾರೆ, ಈಗಲೂ ಕೊಡುತ್ತಲೇ ಇದ್ದಾರೆ. ಭರ್ತಿಯಾದರೆ ಭರ್ತಿ ಎಂದು ಬೋರ್ಡು ಹಾಕುವ ಧೈರ್ಯವೂ ಬೇಕು. ಆ ಬೋರ್ಡು ನೋಡಿ ನನಗೆ ಅಲ್ಲಿ ಬೇಸರವಾಗಿತ್ತು, ನಿಜ. ಆದರೆ ಮರುದಿನ ಆ ಹೊಳೆಯಲ್ಲಿ ಮೀನು ಕಂಡದ್ದು ಅಂಥ ಬೋರ್ಡು ಇರುವುದರಿಂದಲೂ ಹೌದು.

ಅಲ್ಲಿಯ ತನಕ, ನಮ್ಮ ತೋಟಕ್ಕೆ ಬಂದು ಕೇಳಿದವರಿಗೆ ಕಣದ ಮೇಲೆ, ಕಾಫಿ ಒಣಗಿಸುವ ಜಾಗದಲ್ಲಿ ಟೆಂಟ್ ಹಾಕಿಕೊಳ್ಳಿ ಎನ್ನುತ್ತೇನೆ. ಹೊಳೆ ಅಲ್ಲಿಂದ ಕಾಣುವುದಿಲ್ಲ, ಕೇಳಿಸುತ್ತದೆ. ಊಟ ನಮ್ಮ ಅಡುಗೆಮನೆಯಲ್ಲಿ. ಅಕ್ಕಿರೊಟ್ಟಿ, ಚಟ್ನಿ, ಸಿಕ್ಕರೆ ಕೆರೆ ಮೀನಿನ ಸಾರು. ಮೊಬೈಲಿಗೆ ಆನೆ ಸಂದೇಶ ಬಂದರೆ ಎಬ್ಬಿಸಿ ಒಳಗೆ ಕರೆಯುತ್ತೇನೆ, ಆಗ ಯಾಕೆ ಎಂದು ಕೇಳಬಾರದು. ಬೆಳಿಗ್ಗೆ ಬೆಳಕು ಹರಿದ ಮೇಲೆ ಜೊತೆಗೆ ಬಂದು ಹೊಳೆ ತೋರಿಸುತ್ತೇನೆ, ಎಷ್ಟು ಹೊತ್ತು ಬೇಕಾದರೂ ಕೂತಿರಲಿ. ಜೂನ್ ತಿಂಗಳು ಮಾತ್ರ ಯಾರಿಗೂ ಇಲ್ಲ. ಹಳ್ಳದ ಬಾಯಿಯ ಕಡೆ ಆಗ ಮನೆಯವರೂ ಹೋಗುವುದಿಲ್ಲ.